ಪರದೆ ದೊಡ್ಡದಿದೆ ಸಾರ್!

ಜರ್ಮನಿಯಲ್ಲೊಬ್ಬ ಜೋರು ಮಳೆಯಲ್ಲಿ ಟೆಸ್ಲಾ ಓಡಿಸುತ್ತಿದ್ದ. ವೈಪರ್ ವೇಗ ಹೆಚ್ಚಿಸಬೇಕಿತ್ತು. ಆ ಸೌಕರ್ಯವನ್ನು ಕಂಪನಿ ಪರದೆಯ ಮೆನುವಿನೊಳಗೆ ಭದ್ರವಾಗಿ ಇಟ್ಟಿತ್ತು. ಆತ ಮೆನು ನೋಡಿದ, ಕಾರು ರಸ್ತೆ ಬಿಟ್ಟು ಮರಗಳನ್ನು ಮಾತಾಡಿಸಲು ಹೋಯಿತು. 2020ರಲ್ಲಿ ಕಾರ್ಲ್ಸ್‌ರೂಹೆಯ ಉಚ್ಚ ನ್ಯಾಯಾಲಯ 200 ಯೂರೊ ದಂಡವನ್ನೂ ಒಂದು ತಿಂಗಳ ಚಾಲನಾ ನಿಷೇಧವನ್ನೂ ಎತ್ತಿಹಿಡಿಯಿತು. ತಪ್ಪು ಪರದೆ ನೋಡಿದವನದು. ವೈಪರನ್ನು ಅಲ್ಲಿ ಬಚ್ಚಿಟ್ಟ ಮಹಾಶಯನಿಗೆ ಮಳೆಯೂ ತಾಗಲಿಲ್ಲ, ದಂಡವೂ ತಾಗಲಿಲ್ಲ.

ಗುಂಡಿ ಎಂದರೆ ಕಂಪನಿಗೆ ತಲೆನೋವು. ಒಂದೊಂದಕ್ಕೂ ಅಚ್ಚು ಬೇಕು, ತಂತಿ ಬೇಕು, ಸಾವಿರಾರು ಸಲ ಒತ್ತಿ ನೋಡುವ ಪರೀಕ್ಷೆ ಬೇಕು. ಪರದೆಯಾದರೆ ಒಂದನ್ನು ಕೂರಿಸಿ, ಆಗದ್ದನ್ನೆಲ್ಲ ಮುಂದಿನ ಅಪ್‌ಡೇಟಿಗೆ ತಳ್ಳಬಹುದು. ತನ್ನ ಉಳಿತಾಯಕ್ಕೆ ಸೊಬಗು ಎಂದು ಹೆಸರಿಟ್ಟು, ಅದೇ ಸೊಬಗಿಗೆ ಗಿರಾಕಿಯಿಂದ ಹೆಚ್ಚುವರಿ ಕಾಸು ಕೀಳುವ ಈ ಜಾಣತನದ ಮುಂದೆ ನಮ್ಮ ಹಳೇ ಗಿರವಿ ಅಂಗಡಿಯವರು ಏನೂ ಅಲ್ಲ.

ಸ್ವೀಡನ್ನಿನ ವಿ ಬಿಲಾಗರೆ ಪತ್ರಿಕೆ 2022ರಲ್ಲಿ ಒಂದು ಅಧಿಕಪ್ರಸಂಗ ಮಾಡಿತು. ಕಾರುಗಳನ್ನು ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡಿಸುತ್ತಾ ರೇಡಿಯೋ ಹಚ್ಚುವುದು, ಸೀಟು ಬೆಚ್ಚಗಾಗಿಸುವುದು ಮುಂತಾದ ನಾಲ್ಕು ಕೆಲಸ ಮಾಡಲು ಹೇಳಿತು. 2005ರ ವೋಲ್ವೊ, ಮೈತುಂಬ ಗುಂಡಿಗಳ ಹಳೇ ಗಾಡಿ, 10 ಸೆಕೆಂಡಿನಲ್ಲಿ ಮುಗಿಸಿತು. ಹೊಚ್ಚಹೊಸ ಎಂಜಿ ಮಾರ್ವೆಲ್ ಆರ್ ತೆಗೆದುಕೊಂಡದ್ದು 44.9 ಸೆಕೆಂಡು, ಅಷ್ಟರಲ್ಲಿ ಅದು 1,372 ಮೀಟರ್ ದಾಟಿತ್ತು. ಪ್ರಗತಿ ಎಂದರೆ ದೂರ ಸಾಗುವುದೇ ತಾನೆ!

ಅಮೆರಿಕದ ನೌಕಾಪಡೆಯನ್ನೂ ಈ ಪರದೆಯ ಮೋಹ ಬಿಡಲಿಲ್ಲ. 2017ರಲ್ಲಿ ಸಿಂಗಪುರದ ಬಳಿ ಅದರ ಜಾನ್ ಎಸ್. ಮೆಕೇನ್ ನೌಕೆಯ ಸಿಬ್ಬಂದಿಗೆ ಚುಕ್ಕಾಣಿ ಯಾವ ಪರದೆಯ ಕೈಯಲ್ಲಿದೆ ಎಂಬುದೇ ತಿಳಿಯದೆ, ನೌಕೆ ತೈಲವಾಹಕ ಹಡಗಿಗೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ಎರಡು ವರ್ಷದ ಮೇಲೆ ನೌಕಾಪಡೆ, ವೇಗ ನಿಯಂತ್ರಣಕ್ಕೆ ಕೈಯಲ್ಲಿ ಹಿಡಿಯುವ ಲಿವರನ್ನೇ ಮತ್ತೆ ಹಾಕುತ್ತೇವೆ ಎಂದಿತು.

ಇವರೆಲ್ಲರ ಮೂಲಪುರುಷ ಥೆರಾಕ್-25. ಕೆನಡಾದಲ್ಲಿ ತಯಾರಾದ ವಿಕಿರಣ ಚಿಕಿತ್ಸೆಯ ಯಂತ್ರ. ಹಿಂದಿನ ಮಾದರಿಯಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದು, ಸಾಫ್ಟ್‌ವೇರೇ ನೋಡಿಕೊಳ್ಳುತ್ತದೆ ಎಂದು ಬಿಟ್ಟಿದ್ದರು. 1986ರಲ್ಲಿ ಟೆಕ್ಸಾಸಿನ ಟೈಲರ್ ಊರಿನ ಆಪರೇಟರ್ ಒಬ್ಬಾಕೆ ಎಲೆಕ್ಟ್ರಾನ್ ಕಿರಣದ ‘ಇ’ ಬದಲು ಎಕ್ಸ್-ರೇಯ ‘ಎಕ್ಸ್’ ಒತ್ತಿದಳು. ಪಳಗಿದ ಕೈ, ಕೂಡಲೇ ತಿದ್ದಿದಳು. ತಿದ್ದಿದ್ದು ಪರದೆಗೆ ಗೊತ್ತಾಯಿತು, ಯಂತ್ರಕ್ಕೆ ಗೊತ್ತಾಗಲಿಲ್ಲ. ಪರದೆಯ ಮೇಲೆ ಬಂದದ್ದು ‘ಮ್ಯಾಲ್‌ಫಂಕ್ಷನ್ 54’. ಡೋಸ್ ಹೆಚ್ಚಾಯಿತೋ ಕಡಿಮೆಯಾಯಿತೋ, ಏನೋ ಒಂದಾಗಿದೆ ಎಂಬುದು ಅದರ ಅರ್ಥ. ಇನ್ನೊಂದು ಮೂಲೆಯಲ್ಲಿ ಡೋಸ್ ತೀರಾ ಕಡಿಮೆ ಹೋಗಿದೆ ಎಂಬ ಲೆಕ್ಕ. ಇಂಥ ಸಂದೇಶಗಳು ದಿನವೂ ಬರುತ್ತಿದ್ದವು. ‘ಪಿ’ ಒತ್ತಿದರೆ ಕೆಲಸ ಮುಂದುವರಿಯುತ್ತಿತ್ತು. ಒತ್ತಿದಳು. ಮೊದಲ ಏಟಿಗೇ ಬೆನ್ನು ಸುಟ್ಟು ಏಳಲು ಒದ್ದಾಡುತ್ತಿದ್ದ ರೋಗಿಗೆ ಎರಡನೆಯದು ಬಿತ್ತು. ಕೆಲ ತಿಂಗಳಲ್ಲಿ ಆತ ತೀರಿಕೊಂಡ. 1985ರಿಂದ 87ರ ನಡುವೆ ಹೀಗೆ ಆರು ಅವಘಡಗಳಾದವು. ಆರಂಭದಲ್ಲಿ ಕಂಪನಿ ಕೊಟ್ಟ ಭರವಸೆ: ಈ ಯಂತ್ರ ಅಂಥದ್ದು ಮಾಡಲು ಸಾಧ್ಯವೇ ಇಲ್ಲ.

ಕಾರ್ಖಾನೆಯ ರೋಬೋಗಳ ಬಳಿ ಮಾತ್ರ ಈ ಆಟ ನಡೆದಿಲ್ಲ. ಹಳದಿ ಹಿನ್ನೆಲೆಯ ಮೇಲೆ ಅಣಬೆಯಂಥ ಕೆಂಪು ಗುಂಡಿ, ಗುದ್ದಿದರೆ ನಿಲ್ಲಬೇಕು, ಅಷ್ಟೇ. ಅದನ್ನು ‘ಸೆಟ್ಟಿಂಗ್ಸ್’ನೊಳಗೆ ಸೇರಿಸುವ ಧೈರ್ಯ ಯಾವ ಡಿಸೈನರಿಗೂ ಬಂದಿಲ್ಲ, ಏಕೆಂದರೆ ಸುರಕ್ಷತಾ ನಿಯಮ ಬಿಡುವುದಿಲ್ಲ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓಡುವ ಕಾರಿಗೆ ಅಷ್ಟು ಮರ್ಯಾದೆ ಯಾಕೆ?

ಜಗತ್ತಿನ ಕಾರುಗಳ ಪರದೆಗೆ ಸಾಫ್ಟ್‌ವೇರ್ ಬರೆಯುವವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ. ತಣ್ಣನೆಯ ಕೋಣೆ, ಅಲುಗದ ಮೇಜು, ಬಿಡುವಾಗಿರುವ ಎರಡು ಕೈ, ಎದುರಿಗೆ ಲಾರಿಯಿಲ್ಲ, ಹಿಂದೆ ಹಾರನ್ನಿಲ್ಲ. ಡೆಮೊ ಸೊಗಸಾಗಿ ಓಡುತ್ತದೆ. ಮ್ಯಾನೇಜರ್ ‘ವಾವ್’ ಎನ್ನುತ್ತಾರೆ. ನಿಜವಾದ ಬಳಕೆದಾರ ಅವರೇ. ನೀವು ಬರೀ ಕೊಳ್ಳುವವರು.

ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆ 2026ರಿಂದ ಸೂಚನಾ ದೀಪ, ಹಾರನ್, ವೈಪರ್‌ನಂಥವಕ್ಕೆ ಮುಟ್ಟಿದರೆ ಸಿಗುವ ಗುಂಡಿ, ಕಡ್ಡಿಗಳಿಲ್ಲದಿದ್ದರೆ ಅಂಕ ಕತ್ತರಿಸುತ್ತೇನೆ ಎಂದಿದೆ. ಕಂಪನಿಗಳು ಹೆದರಿಲ್ಲ, ಬ್ರೋಷರ್ ಬರೆಯುತ್ತಿರಬೇಕು. ಶೋರೂಮಿನ ಹುಡುಗ ಇನ್ನು ದನಿ ತಗ್ಗಿಸಿ ಹೇಳುವುದು ಬಾಕಿ: “ವಾಲ್ಯೂಮಿಗೆ ತಿರುಗಿಸೋ ಬಟನ್ನೇ ಬರುತ್ತೆ ಸಾರ್. ಆದ್ರೆ ಟಾಪ್ ಮಾಡೆಲ್‌ಗೆ ಮಾತ್ರ.”