ಷಡ್ಜ ದಾಟದ ರಾಯರು

ನಮ್ಮ ಎದುರುಮನೆಯ ರಾಯರನ್ನು ಸಂಗೀತಪ್ರಿಯರೆಂದು ಕರೆಯಲು ನನಗೆ ಸಂಕೋಚವಿದೆ. ಸಂಗೀತ ಕೇಳುವುದಕ್ಕೆ ಬೇಕಾದ ಸಿದ್ಧತೆಯ ಪ್ರಿಯರೆಂದರೆ ಅವರಿಗೂ ಸಂಗೀತಕ್ಕೂ ಏಕಕಾಲದಲ್ಲಿ ನ್ಯಾಯ ಸಲ್ಲಿಸಿದಂತಾದೀತು. ಕೊಡೆ ಕೊಳ್ಳಲು ಹೊರಟು, ಅಂಗಡಿಯ ಕೊಡೆಗಳನ್ನೆಲ್ಲ ಬಿಚ್ಚಿ ಮಡಿಸಿ ಪರೀಕ್ಷಿಸುತ್ತ ಮಳೆಗಾಲವನ್ನೇ ಕಳೆದುಬಿಡುವ ಮಹನೀಯರು ಹಿಂದೆಯೂ ಇದ್ದರು, ಮುಂದೆಯೂ ಇರುವರು. ಆ ಚೇತನವು ಕಾಲಧರ್ಮಕ್ಕನುಸಾರವಾಗಿ ಈ ಬಾರಿ ಬಸವನಗುಡಿಯಲ್ಲಿ, ನಿವೃತ್ತ ಇಂಜಿನಿಯರರೊಬ್ಬರ ರೂಪದಲ್ಲಿ, ಕಂಪ್ಯೂಟರಿನ ಮುಂದೆ ಅವತರಿಸಿದೆ, ಅಷ್ಟೆ.

ರಾಯರ ಮನೆಯಲ್ಲಿ ಇನ್ನೂರು ಸಿ.ಡಿ.ಗಳಿವೆ. ಅವರ ಪತ್ನಿಯ ತವರು ಧಾರವಾಡವಾದುದರಿಂದ ಮಲ್ಲಿಕಾರ್ಜುನ ಮನ್ಸೂರರದೂ ಗಂಗೂಬಾಯಿ ಹಾನಗಲ್ಲರದೂ ಅಲ್ಲಿ ಸಿಂಹಪಾಲು. ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಿಟ್ಟರೆ, ಒಗ್ಗರಣೆ ಹಾಕುತ್ತಲೇ ಬೇಕಾದ ರಾಗವನ್ನು ಕೇಳಬಹುದೆಂದು ಆ ತಾಯಿ ಒಂದು ಯುಗಾದಿಯಂದು ನುಡಿದದ್ದೇ ಮುಂದಿನ ಅನರ್ಥಪರಂಪರೆಗೆ ಮೂಲವಾಯಿತು. “ಏರಿಸಬಹುದು, ಆದರೆ ಯಾವ ಸಾಫ್ಟ್‌ವೇರಿನಿಂದ?” ಎಂದರು ರಾಯರು. ಆ ಪ್ರಶ್ನೆಗೆ ಈಗ ಎರಡು ವರ್ಷ ತುಂಬಿದೆ.

ಐಟ್ಯೂನ್ಸ್ ಅವರಿಗೆ ತೀರ ಸುಲಭವೆನಿಸಿತು. ಒಂದು ಗುಂಡಿಯೊತ್ತಿದರೆ ಮುಗಿದುಹೋಗುವ ಕಾರ್ಯದಲ್ಲಿ ರಾಯರಿಗೆ ವಿಶ್ವಾಸವಿಲ್ಲ. ಸಿಡೆಕ್ಸನ್ನು ಆಷಾಢದವರೆಗೂ, ಡಿಬಿಪವರ್‌ಆ್ಯಂಪನ್ನು ದಸರೆಯವರೆಗೂ ಶೋಧಿಸಿ, ಕಟ್ಟಕಡೆಗೆ ಜರ್ಮನಿಯ ಆಂಡ್ರೆ ವಿಟ್‌ಹೋಫರ ಎಕ್ಸಾಕ್ಟ್ ಆಡಿಯೊ ಕಾಪಿಯಲ್ಲಿ ತಮ್ಮ ಆತ್ಮಬಂಧುವನ್ನು ಕಂಡುಕೊಂಡರು. ಅದು ಡಿಸ್ಕಿನ ಪ್ರತಿಯೊಂದು ತುಣುಕನ್ನೂ ಕನಿಷ್ಠಪಕ್ಷ ಎರಡು ಬಾರಿ ಓದುತ್ತದೆ. ಎರಡೂ ತಾಳೆಯಾಗದಿದ್ದರೆ ಮತ್ತೆ ಮತ್ತೆ ಓದುತ್ತದೆ. “ತಾಳೆ ನೋಡದೆ ಸಹಿ ಹಾಕದ ಗುಮಾಸ್ತ ಸ್ವಾಮಿ ಇದು! ನಮ್ಮ ಇಲಾಖೆಯಲ್ಲಿ ಇಂಥವನೊಬ್ಬನಾದರೂ ಇದ್ದಿದ್ದರೆ!” ಎಂದು ರಾಯರು ಉದ್ಗರಿಸಲು, “ನೀವs ಇದ್ರಲ್ಲ” ಎಂಬ ಮಾತು ಅಡುಗೆಮನೆಯಿಂದ ತೇಲಿಬಂತು.

ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ನಾದವನ್ನು 44,100 ಅಂಕಿಗಳಾಗಿ, ಎಡಕ್ಕೂ ಬಲಕ್ಕೂ ಬೇರೆಬೇರೆಯಾಗಿ, ಕೆತ್ತಿಟ್ಟಿರುತ್ತಾರೆ. ತಮ್ಮ ಡ್ರೈವು ಇದನ್ನು 667 ಅಂಕಿಗಳಷ್ಟು ಜರುಗಿಸಿ ಓದುತ್ತದೆಂಬುದನ್ನು ರಾಯರು ಪತ್ತೆಹಚ್ಚಿದರು. ಅಂದರೆ ಒಂದು ಸೆಕೆಂಡಿನ ಅರವತ್ತಾರನೆಯ ಒಂದು ಪಾಲು. ರಾಮೋತ್ಸವದ ಕಚೇರಿಗೆ ಎಂದೂ ಅರ್ಧಗಂಟೆ ತಡವಾಗಿಯಲ್ಲದೆ ಬಾರದ ಆ ಮಹಾಶಯರು ಈ ವಿಳಂಬವನ್ನು ಸಹಿಸದೆ ಮೂರು ರಾತ್ರಿ ನಿದ್ದೆಗೆಟ್ಟು ತಿದ್ದಿದರು. ಕಿವಿಗೆ ಕೇಳಿಸದುದನ್ನು ಬಿಸುಟು ಕಡತವನ್ನು ಕಿರಿದಾಗಿಸುವ ಎಂಪಿ3 ಅವರಿಗೆ ಅಪಥ್ಯ, ಏನನ್ನೂ ಕಳೆಯದ ಫ್ಲ್ಯಾಕ್ ಪಥ್ಯ. ಏಕೆಂದರೆ ಸಂಗೀತದಲ್ಲಿ ಅವರಿಗೆ ಮುಖ್ಯವಾದುದೇ ಕಿವಿಗೆ ಕೇಳಿಸದಿರುವುದು.

ಬಳಿಕ ನಾಮಕರಣ. ಹಾಡುಗಳ ಸಂಖ್ಯೆಯನ್ನೂ ಅವಧಿಯನ್ನೂ ಲೆಕ್ಕಹಾಕಿ ಅಂತರ್ಜಾಲದಲ್ಲಿ ಹೆಸರು ಹುಡುಕುವ ವ್ಯವಸ್ಥೆಯು, ಎರಡೇ ಖ್ಯಾಲುಗಳಿದ್ದ ಮನ್ಸೂರರ ಡಿಸ್ಕನ್ನು ಯಾವುದೋ ಪರದೇಶದ ವಾದ್ಯಗೋಷ್ಠಿಯದೆಂದು ಸಾರಿತು. ಸಂಗೀತಪ್ರಕಾರಗಳ ಸಿದ್ಧಪಟ್ಟಿಯಲ್ಲಿ ಖ್ಯಾಲೂ ಇಲ್ಲ, ಕರ್ನಾಟಕ ಸಂಗೀತವೂ ಇಲ್ಲ. ಐರೋಪ್ಯರ ಪೋಲ್ಕಾ ನೃತ್ಯವು ಮಾತ್ರ ರಾರಾಜಿಸುತ್ತಿತ್ತು. ರಾಯರು ಅದನ್ನು ಗಟ್ಟಿಯಾಗಿ ಓದಿದ್ದೇ ತಡ, “ಅಲ್ರೀ, ಹಾಡಿನ ಪಟ್ಟಿಯೊಳಗ ಪೋಲ್ಕಾ ಯಾಕ ಬಂತು? ತೋಳಿನ ಅಳತಿನೂ ಕೇಳ್ತದೇನು?” ಎಂದರು ಆಕೆ.

ಪರೀಕ್ಷೆಯೆಲ್ಲವೂ ಆ ಒಂದೇ ಡಿಸ್ಕಿನ ಮೇಲೆ. ತಂಬೂರಿ ಮಿಡಿದು, ಮನ್ಸೂರರು ಷಡ್ಜ ಹಿಡಿದು ಬಾಯ್ದೆರೆಯುವಷ್ಟರಲ್ಲಿ ರಾಯರು ನಿಲ್ಲಿಸಿ, ಇನ್ನೊಂದು ನಕಲನ್ನು ಹಚ್ಚುವರು; ಮತ್ತೆ ತಂಬೂರಿ, ಮತ್ತೆ ಷಡ್ಜ. ಎಂತಹ ಅನವಟ ರಾಗವನ್ನೂ ಕರತಲಾಮಲಕವಾಗಿಸಿಕೊಂಡಿದ್ದ ಆ ಮಹಾಗಾಯಕರಿಗೆ ನಮ್ಮ ಬೀದಿಯಲ್ಲಿ ರಿಷಭ ಮುಟ್ಟುವ ಭಾಗ್ಯ ಎರಡು ವರ್ಷ ಒದಗಲಿಲ್ಲ.

ಕೊನೆಗೊಂದು ಸಂಜೆ ನಾಲ್ಕು ತಂತ್ರಾಂಶಗಳ ನಕಲುಗಳನ್ನೂ, ಡ್ರೈವಿನ ಜರುಗನ್ನು ಸರಿದೂಗಿಸಿ, ತಾಳೆ ನೋಡಲಾಗಿ, ಒಂದಂಕಿಯೂ ವ್ಯತ್ಯಾಸವಿಲ್ಲದೆ ಎಲ್ಲವೂ ಏಕರೂಪವಾಗಿದ್ದುವು. “ಹಾಗಾದರೆ ಯಾವುದಾದರೇನು ರಾಯರೇ?” ಎಂದೆ. “ಅದೇ ಚಿಂತೆ” ಎಂದು ಮಂಕಾದರು.

ಹೋದ ವಾರ, ನೂರಾರು ಬಾರಿ ತೆಗೆದು ಹಾಕಿದ ಫಲವಾಗಿ ಆ ಡಿಸ್ಕಿನ ಮೇಲೆ ಗೀರು ಬಿದ್ದು, ಓದುವಿಕೆಯಲ್ಲಿ ದೋಷ ಕಾಣಿಸಿಕೊಂಡಿತೆಂದು ತಿಳಿಯಿತು. ಸಂತಾಪ ಸೂಚಿಸಲು ಹೋದವನನ್ನು ರಾಯರು ಮದುಮಗನ ಕಳೆಯಿಂದ ಬರಮಾಡಿಕೊಂಡರು. “ಬನ್ನಿ ಸ್ವಾಮಿ, ಬನ್ನಿ! ಇಷ್ಟು ದಿನ ಡಿಸ್ಕು ಚೆನ್ನಾಗಿತ್ತು, ಯಾವ ಸಾಫ್ಟ್‌ವೇರಿನ ಯೋಗ್ಯತೆಯೂ ತಿಳಿಯುತ್ತಿರಲಿಲ್ಲ. ನಿಜವಾದ ಪರೀಕ್ಷೆ ಇನ್ನು ಮೇಲೆ!”

ಅಡುಗೆಮನೆಯಿಂದ ಈ ಸಲ ಪ್ರತಿಮಾತು ಬರಲಿಲ್ಲ. ಸಾಸಿವೆ ಸಿಡಿಯುವ ಸದ್ದಿನ ನಡುವೆ ಆಕೆ ತಾವೇ ಮೆಲುದನಿಯಲ್ಲಿ ಗುನುಗುತ್ತಿದ್ದ ರಾಗವು, ಷಡ್ಜವನ್ನು ದಾಟಿ ಆಗಲೇ ಬಹುದೂರ ಹೋಗಿತ್ತು.