ಸಪ್ತಮ ಪ್ರಮಾಣ ಮೀಮಾಂಸೆ, ಅಥವಾ ಹುನ್ನೂರ ಕಿರಾಣಿ ಅಂಗಡಿಯಲ್ಲಿ ಮೊಬೈಲು

ವಿಷಯ

ಅರಿವು ಹುಟ್ಟುವ ದಾರಿಯನ್ನು ಶಾಸ್ತ್ರಕಾರರು ಪ್ರಮಾಣವೆಂದು ಕರೆದಿದ್ದಾರೆ. ಚಾರ್ವಾಕರು ಪ್ರತ್ಯಕ್ಷವೊಂದನ್ನೇ ಒಪ್ಪಿದರೆ, ಭಾಟ್ಟ ಮೀಮಾಂಸಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ ಎಂದು ಆರರವರೆಗೆ ಎಣಿಸಿ ಅಲ್ಲಿಗೆ ನಿಂತರು. ಅವರ ಕಾಲಕ್ಕೆ ಜಮಖಂಡಿ ಸೀಮೆಯ ಹುನ್ನೂರಿಗೆ ನೆಟ್‌ವರ್ಕ್ ಬಂದಿರದ ಕಾರಣ ಈ ಕೊರತೆ ಕ್ಷಮ್ಯವಾಗಿದೆ. ಕಿರಾಣಿ ಅಂಗಡಿಯ ಮುಂದೆ ನಿಂತ ಗಿರಾಕಿ ಚಹಾಪುಡಿಯ ಪಾಕೀಟನ್ನು ಬೋರಲು ಹಾಕಿ, ಅದರ ಬೆನ್ನಿಗೆ ಮೊಬೈಲು ಹಿಡಿದು, ‘ಟಿಣ್’ ಎನ್ನುವವರೆಗೆ ಉಸಿರು ಬಿಗಿಹಿಡಿದಿರುವ ಕ್ರಿಯೆಗೆ ಇಲ್ಲಿ ಸ್ಕ್ಯಾನ್ ಪ್ರಮಾಣವೆಂದು ಹೆಸರಿಡಲಾಗಿದ್ದು, ಅದು ಏಳನೆಯದು. ಹಿಂದಿರುಗಿಸಿ ನೋಡುವ ಪದ್ಧತಿ ಈ ಸೀಮೆಗೆ ಹೊಸದೇನಲ್ಲ. ನೆರೆಯ ಬೆಳಗಲಿಯ ರನ್ನನು ‘ಗದಾಯುದ್ಧ’ದಲ್ಲಿ ಸಿಂಹಾವಲೋಕನ ಕ್ರಮವನ್ನು ಸಾವಿರ ವರ್ಷದ ಹಿಂದೆಯೇ ಬಳಸಿದ್ದಾನೆ.

ಸಂಶಯ

ಮೊಬೈಲು ಅರಿಯುವುದು ವಸ್ತುವನ್ನೋ, ವಸ್ತುವಿನ ಮೇಲಿನ ಗೆರೆಗಳನ್ನೋ ಎಂಬುದು ಸಂಶಯ. ಬಾರ್‌ಕೋಡ್ ಎಂಬ ಈ ಗೆರೆಗಳಿಗೆ ವುಡ್‌ಲ್ಯಾಂಡ್ ಮತ್ತು ಸಿಲ್ವರ್ ಎಂಬ ಅಮೆರಿಕದ ಇಬ್ಬರು 1952ರಲ್ಲಿ ಪೇಟೆಂಟ್ ಪಡೆದರು. 1974ರ ಜೂನ್ 26ರಂದು ಓಹಾಯೊ ರಾಜ್ಯದ ಟ್ರಾಯ್ ಪಟ್ಟಣದ ಅಂಗಡಿಯೊಂದರಲ್ಲಿ ಇಂದಿನ ಮಾದರಿಯ ಗೆರೆಗಳಿಂದ ಮೊದಲು ಗುರುತಿಸಲ್ಪಟ್ಟ ಸರಕು ಚ್ಯೂಯಿಂಗ್ ಗಮ್ ಆಗಿತ್ತು. ಎಷ್ಟು ಅಗಿದರೂ ಹೊಟ್ಟೆಗಿಳಿಯದ ವಸ್ತುವಿನಿಂದ ಶುರುವಾದ ಶಾಸ್ತ್ರವು ಮುಂದೆ ಎಲ್ಲಿಗೆ ಮುಟ್ಟೀತೆಂಬುದನ್ನು ವಿದ್ವಾಂಸರು ಆಗಲೇ ಊಹಿಸಬೇಕಿತ್ತು.

ಪೂರ್ವಪಕ್ಷ

ಎದುರಾಳಿಯ ವಾದವನ್ನು ಮೊದಲು ಮಂಡಿಸುವುದಕ್ಕೆ ಪೂರ್ವಪಕ್ಷವೆನ್ನುತ್ತಾರೆ. ಈ ವಾದವನ್ನು ಹೂಡುವವರು ಸಾಮಾನ್ಯವಾಗಿ ರಜೆಗೆ ಊರಿಗೆ ಬಂದ ಕಾಲೇಜು ಹುಡುಗರು. ಅವರ ಪ್ರಕಾರ ಸಂಖ್ಯೆ ಸುಳ್ಳಾಡುವುದಿಲ್ಲ. ಬಾರ್‌ಕೋಡಿನ ಹದಿಮೂರು ಅಂಕಿಗಳ ಸಂಖ್ಯೆಯಲ್ಲಿ ಕೊನೆಯದು ಉಳಿದ ಹನ್ನೆರಡಕ್ಕೆ ಕಾವಲುಗಾರ. ಆ ಹನ್ನೆರಡನ್ನು ಸರದಿಯಂತೆ ಒಂದರಿಂದಲೂ ಮೂರರಿಂದಲೂ ಗುಣಿಸಿ ಕೂಡಿಸಿದಾಗ, ಮೊತ್ತವನ್ನು ಹತ್ತರ ಮಗ್ಗಿಗೆ ಮುಟ್ಟಿಸಲು ಬೇಕಾದಷ್ಟೇ ಆ ಕೊನೆಯ ಅಂಕಿ ಇರಬೇಕು. ಚಿನ್ನದ ವಿಷಯದಲ್ಲಂತೂ 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣಕ್ಕೆ ಅಕ್ಷರ ಮತ್ತು ಅಂಕಿ ಬೆರೆತ ಆರು ಸ್ಥಾನಗಳ ಎಚ್‌ಯುಐಡಿ ಗುರುತು ಕಡ್ಡಾಯವಾಗಿದ್ದು, ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಬರೆದರೆ ಒಡವೆಯ ಕುಲಗೋತ್ರ ತಿಳಿಯುತ್ತದೆ. ಪರದೆಯ ಮೇಲೆ ಏನೂ ಮೂಡದಿದ್ದರೂ ವಾದಿ ಸೋಲುವುದಿಲ್ಲ. ಇಲ್ಲದಿರುವುದನ್ನು ಕಾಣದಿರುವುದರಿಂದಲೇ ಅರಿಯುವುದು ಅನುಪಲಬ್ಧಿಯಾದ್ದರಿಂದ, ‘ನೆಟ್‌ವರ್ಕ್ ಇಲ್ಲ’ ಎಂಬುದೂ ಒಂದು ಜ್ಞಾನವೇ.

ಉತ್ತರಪಕ್ಷ

ಇದಕ್ಕೆ ಉತ್ತರ ಹೀಗಿದೆ. 890ರಿಂದ ಮೊದಲಾಗುವ ಸಂಖ್ಯೆಯನ್ನು ಕಂಡು ‘ನಮ್ಮ ದೇಶದ್ದೇ ಮಾಲು’ ಎಂದು ಹಿಗ್ಗುವುದು ಹುಸಿ ಅನುಮಾನ, ಏಕೆಂದರೆ ಆ ಸಂಖ್ಯೆಯನ್ನು ಭಾರತದ ನೋಂದಣಿ ಸಂಸ್ಥೆ ಕೊಟ್ಟಿದೆ ಎಂಬುದಕ್ಕಷ್ಟೇ ಅದು ಸಾಕ್ಷಿಯಾಗಿದ್ದು, ಸರಕು ಎಲ್ಲಿ ತಯಾರಾಯಿತೆಂಬುದನ್ನು ಹೇಳುವುದಿಲ್ಲ. ಗೆರೆಯೇ ಇಲ್ಲದ ಸರಕಿನ ಗತಿ ಇನ್ನೂ ಕಠಿಣ. ಮಹಾಲಿಂಗಪುರದ ಪೇಟೆಯಿಂದ ಬಂದ ಬೆಲ್ಲದ ಪೆಂಟಿಗೆ ಬೆನ್ನೂ ಇಲ್ಲ, ಬಾರ್‌ಕೋಡೂ ಇಲ್ಲ. ಆಗ ಚಿತ್ರ ನೋಡಿ ಗುರುತಿಸುವ ಆ್ಯಪಿನ ಮೊರೆ ಹೋಗಬೇಕಾಗುತ್ತದೆ, ಅಂದರೆ ಹೋಲಿಕೆಯಿಂದ ಅರಿಯುವ ಉಪಮಾನಕ್ಕೆ ಇಳಿಯಬೇಕಾಗುತ್ತದೆ. ಆಕಳನ್ನು ಹೋಲುವ ಕಾಡುಮೃಗವೇ ಗವಯವೆಂದು ನೈಯಾಯಿಕರು ಉದಾಹರಿಸಿದಂತೆ, ಬೆಲ್ಲವನ್ನು ಹೋಲುವುದು ಸಾಬೂನು, ಸಾಬೂನನ್ನು ಹೋಲುವುದು ಇಟ್ಟಂಗಿ ಎಂದು ಮೊಬೈಲು ಹೇಳಿದರೆ ಅದು ಶಾಸ್ತ್ರಬಾಹಿರವೇನೂ ಆಗದು. ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಹೊಂಬಣ್ಣ ಬರಿಸಿದ ಬೆಲ್ಲಕ್ಕೆ ಕ್ಯಾಮೆರಾ ಮರುಳಾಗುತ್ತದೆ. ನಾಲಿಗೆ ಮರುಳಾಗುವುದು ಕಡಿಮೆ. ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕೊಂಡಿ ಹಾಕಿ ಕೂಡಿಸುವ ಇಳಕಲ್ ಸೀರೆಯೂ ಹಾಗೆಯೇ. ರಬಕವಿ-ಬನಹಟ್ಟಿಯ ನೇಕಾರರ ಮನೆಯ ಮುದುಕಿ ಹೆಬ್ಬೆರಳಾಡಿಸಿ ‘ಕೈಮಗ್ಗದ್ದಲ್ಲ ಬಿಡ್ರಿ ಇದು’ ಎನ್ನುವ ಹೊತ್ತಿಗೆ ಮೊಬೈಲು ಇನ್ನೂ ಅಪ್‌ಡೇಟ್ ಕೇಳುತ್ತಿರುತ್ತದೆ.

ನಿರ್ಣಯ

ಕಡೆಗೆ ಗಿರಾಕಿ ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡು ‘ಒಂದ ಕಿಲೋ ಕಟ್ರಿ’ ಎನ್ನುತ್ತಾನೆ, ಮತ್ತು ಮೊಬೈಲು ಆಗ ಎರಡನೆಯ ಸಲ ಹೊರಬರುತ್ತದೆ. ಜಪಾನಿನಲ್ಲಿ 1994ರಲ್ಲಿ ವಾಹನದ ಬಿಡಿಭಾಗಗಳನ್ನು ಗುರುತಿಸಲು ಹುಟ್ಟಿದ ಕ್ಯೂಆರ್ ಕೋಡ್ ಎಂಬ ಚೌಕವು, 2016ರಲ್ಲಿ ಯುಪಿಐ ಬಂದ ಮೇಲೆ, ಗಲ್ಲೆಯ ಮುಂದೆ ಕುಳಿತಿದೆ. ಆದ್ದರಿಂದ ಹುನ್ನೂರಿನಲ್ಲಿ ಮೊಬೈಲು ತಪ್ಪದೆ ಗುರುತಿಸುವುದು ಸರಕನ್ನಲ್ಲ, ರೊಕ್ಕ ಮುಟ್ಟಬೇಕಾದ ಸಾವಕಾರನನ್ನು. ಗಿರಾಕಿ ಪರದೆ ತೋರಿಸಿ ‘ಹೋಗ್ಯಾವ ನೋಡ್ರಿ’ ಎನ್ನುವುದು ಪ್ರತ್ಯಕ್ಷ. ಸಾವಕಾರ ಅದನ್ನು ನೋಡದೆ, ರೊಕ್ಕ ಬಂತೆಂದು ಕೂಗಿ ಹೇಳುವ ಗಲ್ಲೆಯ ಮೇಲಿನ ಪುಟ್ಟ ಪೆಟ್ಟಿಗೆಯನ್ನು ದಿಟ್ಟಿಸಿ ‘ಅದು ಇನ್ನೂ ಹೇಳಿಲ್ರಿ’ ಎನ್ನುವುದು ಶಬ್ದಪ್ರಮಾಣ. ಯಾವ ಪುರುಷನೂ ನುಡಿಯದ ಆ ಪೆಟ್ಟಿಗೆಯ ವಾಕ್ಯ ಮೀಮಾಂಸಕರ ಲಕ್ಷಣದಂತೆ ಅಪೌರುಷೇಯವೂ ಆಗಿದೆ. ಹೀಗೆ ಏಳನೆಯದನ್ನು ಸ್ಥಾಪಿಸ ಹೊರಟ ಶಾಸ್ತ್ರ ನಾಲ್ಕನೆಯದರಲ್ಲಿ ಬಂದು ಸೇರುತ್ತದೆ.

ಪೆಟ್ಟಿಗೆ ಮೌನವಾಗಿ ಉಳಿದ ದಿನ ಉದ್ರಿ ವಹಿ ತೆರೆಯುತ್ತದೆ. ಅದರಲ್ಲಿ ಗಿರಾಕಿಯ ಗುರುತಿಗೆ ಹದಿಮೂರು ಅಂಕಿಗಳು ಬೇಕಾಗುವುದಿಲ್ಲ. ‘ಬಡಿಗ್ಯಾರ ಹಿರೇಮಗ, ಬೆಲ್ಲ 1 ಕಿಲೋ’ ಎಂದು ಬರೆದರೆ ಸಾಕಾಗುತ್ತದೆ.