ಬಾಗಿಲು ಮುಚ್ಚಿದರೆ ಬಾಡುವ ಮಾಲು

ಬನ್ನಿ ಅಕ್ಕಾ, ಮಲ್ಲಿಗೆ ಆಮೇಲೆ ಬಿಡಿಸಿದರಾಯಿತು. ದೆಹಲಿಯಿಂದ ಬರುವಾಗ ಪಕ್ಕದ ಸೀಟಿನವರು ತನ್ನ ಅರ್ಧ ದುಡ್ಡಿಗೇ ಬಂದರೆಂದು ನಿಮ್ಮ ಮಗ ಬೇಜಾರು ಮಾಡಿಕೊಂಡ ಅಂದಿರಲ್ಲ, ನಿನ್ನೆಯಿಂದ ಅದೇ ತಲೆಯಲ್ಲಿದೆ. ಅದು ಮೋಸವಲ್ಲ ಅಕ್ಕಾ, ಲೆಕ್ಕ.

ವಿಮಾನದ ಸೀಟು ಸಂತೆಯ ಸೊಪ್ಪಿಗಿಂತ ಬೇಗ ಬಾಡುವ ಮಾಲು. ಸೊಪ್ಪು ಉಳಿದರೆ ಸಂಜೆ ದನಕ್ಕಾದರೂ ಹಾಕಬಹುದು. ಬಾಗಿಲು ಮುಚ್ಚಿದ ವಿಮಾನದ ಖಾಲಿ ಸೀಟಿಗೆ ಮೂರು ಕಾಸೂ ಹುಟ್ಟದು. ಹಾಗಂತ ಮೊದಲು ಬಂದವರಿಗೆಲ್ಲ ಅಗ್ಗಕ್ಕೆ ಕೊಟ್ಟುಬಿಟ್ಟರೆ, ಕೊನೇ ಗಳಿಗೆಯಲ್ಲಿ ಓಡಿಬರುವವರಿಗೆ ಜಾಗವೆಲ್ಲಿ? 1972ರಲ್ಲಿ ಬ್ರಿಟನ್ನಿನ ಬಿಒಎಸಿ ವಿಮಾನ ಕಂಪನಿಯ ಕೆನ್ ಲಿಟಲ್‌ವುಡ್ ಇದಕ್ಕೊಂದು ಸೂತ್ರ ಕೊಟ್ಟರು. ಅಗ್ಗದ ಟಿಕೆಟ್ಟು 4,000, ಪೂರ್ತಿ ದರ 10,000 ಅಂತಿಟ್ಟುಕೊಳ್ಳಿ. ಪೂರ್ತಿ ದರದವರು ಆ ಸೀಟಿಗೆ ಬರುವ ಸಂಭವ ನೂರಕ್ಕೆ 40ಕ್ಕಿಂತ ಹೆಚ್ಚಿದ್ದರೆ ಕಾಯಿ, ಕಡಿಮೆಯಿದ್ದರೆ ಮಾರು. ಅಷ್ಟೇ. ಎಂಥ ಚೆಂದದ ಲೆಕ್ಕ!

ಗಂಟು ಬೀಳುವುದು ಹಾರಾಟಗಳು ಒಂದಕ್ಕೊಂದು ಕೂಡಿಕೊಂಡಾಗ. ಅಮೆರಿಕನ್ ಏರ್‌ಲೈನ್ಸಿನ ವಿಮಾನಗಳು ಸಂಧಿಸುವ ದೊಡ್ಡ ಜಂಕ್ಷನ್ನು ಡಲ್ಲಾಸ್. ಆಸ್ಟಿನ್ನಿನಿಂದ ಅಲ್ಲಿಗೆ ಹೋಗುವ ವಿಮಾನದಲ್ಲಿ ಒಂದೇ ಸೀಟು ಉಳಿದಿದೆ ಅನ್ನಿ. ಡಲ್ಲಾಸಿನಲ್ಲೇ ಇಳಿಯುವವರು 150 ಡಾಲರ್ ಕೊಡುತ್ತಾರೆ, ಅಲ್ಲಿಂದ ಮುಂದೆ ಲಂಡನ್ನಿಗೆ ಹೋಗುವವರು ಒಟ್ಟು 900. ಯಾರಿಗೆ ಕೊಡೋಣ? 900 ಅಂದಿರಿ, ಯಾರಾದರೂ ಹಾಗೇ ಅನ್ನುವುದು. ಆದರೆ ಲಂಡನ್ ವಿಮಾನದಲ್ಲೂ ಒಂದೇ ಸೀಟಿದ್ದು, ಅದಕ್ಕೆ ಡಲ್ಲಾಸಿನಲ್ಲೇ 800 ಕೊಡುವವರು ಕಾದಿದ್ದರೆ? ಇಬ್ಬರಿಂದ 950 ಬಂತು! ಒಂದೂರಿನ ಸೀಟು ಮಾರುವ ಮುಂಚೆ ಹತ್ತೂರಿನ ಸೀಟು ನೋಡಬೇಕು. ಅದಕ್ಕೇ ಗಣಿತವು ಪ್ರತಿ ಹಾರಾಟದ ಸೀಟಿಗೂ ಒಂದು ಒಳಬೆಲೆ ಕಟ್ಟುತ್ತದೆ, ಬಿಡ್ ಪ್ರೈಸ್ ಅಂತ. ದಾರಿಯುದ್ದದ ಒಳಬೆಲೆಗಳನ್ನು ಕೂಡಿಸಬೇಕು. ಪ್ರಯಾಣಿಕರ ದರ ಅಷ್ಟು ಮುಟ್ಟಿದರೆ ಮಾತ್ರ ಟಿಕೆಟ್ಟು. ಬುಕಿಂಗ್ ಬಂದಂತೆಲ್ಲ ಆ ಬೆಲೆ ಏರಿಳಿಯುತ್ತದೆ.

ಸೀಟು ಹಂಚುವ ಇಂಥ ಲೆಕ್ಕದಿಂದ ಮೂರು ವರ್ಷಗಳಲ್ಲಿ 140 ಕೋಟಿ ಡಾಲರ್ ಅನುಕೂಲವಾಯಿತೆಂದು ಅಮೆರಿಕನ್ ಏರ್‌ಲೈನ್ಸ್ ಅಂದಾಜು ಮಾಡಿ, ಇಂಥ ಗಣಿತವನ್ನು ಕೆಲಸಕ್ಕೆ ಹಚ್ಚಿದವರಿಗೆ ಕೊಡುವ ಎಡೆಲ್‌ಮನ್ ಪ್ರಶಸ್ತಿಯನ್ನು 1991ರಲ್ಲಿ ಪಡೆಯಿತು. ದುಡ್ಡು ಕಂಪನಿಯದ್ದು, ನಿಜ. ಆದರೆ ಕಾಲೇಜು ಹುಡುಗರು ರಜೆಗೆ ಅಗ್ಗದಲ್ಲಿ ಮನೆಗೆ ಹಾರಿ ಬರುವುದೂ ಇದೇ ಲೆಕ್ಕದ ದಯೆ. ಕೊನೇ ದಿನ ಬಂದವರು ಹೆಚ್ಚು ಕೊಡುವುದರಿಂದಲೇ ಮೊದಲು ಬಂದವರಿಗೆ ಕಡಿಮೆಗೆ ಸಿಗುವುದು. ನನಗಂತೂ ಇದು ನ್ಯಾಯವೆಂದೇ ತೋರುತ್ತದೆ.

ಮಗನಿಗೆ ಹೇಳಿ ಅಕ್ಕಾ, ದೀಪಾವಳಿಗೆ ಬರುವುದಾದರೆ ರಜೆ ಸಿಕ್ಕ ದಿನವೇ ಟಿಕೆಟ್ಟು ಮಾಡಿಸಲಿ.